ದೊಡ್ಡಬ್ಬದ ಮೂರು ಬೆಳಗು: ಡ್ಯೂಟಿ ಇರುವ ಗೆಳೆಯರು ಸೇರಿ ಹಬ್ಬ ಮಾಡುವುದು ಹೇಗೆ

“ಎಂತ ಮಾರಾಯ್ತಿ, ಈ ಸಲ ದೊಡ್ಡಬ್ಬಕ್ಕೆ ಬರ್ತೀಯಾ, ಇಲ್ವಾ?”

“ಚತುರ್ದಶಿ ಹಿಂದಿನ ರಾತ್ರಿ ನಂಗೆ ನೈಟ್ ಡ್ಯೂಟಿ. ಎಂತ ಮಾಡೂದು ಹೇಳು.”

ನಮ್ಮ ನಾಲ್ವರ ಫೋನು ಬೆಳಿಗ್ಗೆ ಐದೂಮುಕ್ಕಾಲಿಗೆ ಹೀಗೇ ಶುರುವಾಗುತ್ತದೆ. ದೊಡ್ಡಬ್ಬ ಅಂದರೆ ನಮ್ಮ ಕಡೆ ದೀಪಾವಳಿ. ಒಬ್ಬಳು ಕಾರವಾರದಲ್ಲಿ ನರ್ಸ್. ಒಬ್ಬ ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ, ನಾಲ್ಕು ದನ ನೋಡಿಕೊಂಡು ಇದ್ದಾನೆ. ಅವನು ಫೋನನ್ನು ಸ್ಪೀಕರಿಗೆ ಹಾಕಿ ಹಾಲು ಕರೆಯುತ್ತಿರುತ್ತಾನೆ, ತಂಬಿಗೆಗೆ ಹಾಲು ಬೀಳುವ ಸದ್ದು ನಮಗೂ ಕೇಳುತ್ತದೆ. ಇನ್ನೊಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ನಾಲ್ವರೂ ಒಂದೇ ಹೈಸ್ಕೂಲಿನಲ್ಲಿ ಓದಿದವರು. ದೀಪಾವಳಿಗೆ ತೋಟದ ಗೆಳೆಯನ ಮನೆಯಲ್ಲಿ ಸೇರುವುದು ನಮ್ಮ ರೂಢಿ.

ಮೂರು ವರ್ಷದ ಹಿಂದೆ ಹೀಗೇ ಸೇರಿದ್ದೆವು. ಯಾರೂ ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಗೆಳೆಯನ ತಾಯಿ, ನಮಗೆಲ್ಲ ಆಯಿ, ಬೆಳಗಿನ ಜಾವ ಮೂರಕ್ಕೆ ಎದ್ದವರು ಮಧ್ಯಾಹ್ನದ ತನಕ ಕೂತಿರಲಿಲ್ಲ. ನಾವು ಜಗಲಿಯಲ್ಲಿ ಹರಟೆ ಹೊಡೆಯುತ್ತಿದ್ದೆವು. ಹನ್ನೆರಡು ಗಂಟೆಗೆ ಒಳಗೆ ಹೋಗಿ ನೋಡಿದರೆ ಆಯಿ ಗೋಡೆಗೆ ಒರಗಿ, ಕೈಯಲ್ಲಿ ಬಾಳೆ ಎಲೆ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದರು. ಅದನ್ನು ನೋಡಿ ನನಗೆ ಬಹಳ ಬೇಸರವಾಯಿತು. ನಮ್ಮ ಹರಟೆಗೆ ಸಿಕ್ಕಿದ ಸಮಯವೆಲ್ಲ ಅವರದ್ದು, ಅಲ್ವಾ?

ಅದಾದ ಮೇಲೆ ಒಂದು ನೋಟ್‌ಬುಕ್ ಇಟ್ಟೆವು. ಯಾವ ಕೆಲಸ ಎಷ್ಟು ದಿನ ಮೊದಲೇ ಮಾಡಬಹುದು, ಯಾವುದು ಆ ಬೆಳಿಗ್ಗೆಯೇ ಆಗಬೇಕು, ಯಾರು ಮಾಡಬೇಕು ಎಂದು ಬರೆದೆವು. ಈಗ ಬೆಳಿಗ್ಗೆ ಎಂಟಕ್ಕೆ ಆಯಿಯೂ ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕಿಕೊಂಡು ಕೂತಿರುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ಇರುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎರಡು ತಿಂಗಳು ಮೊದಲು: ಪಂಚಾಂಗ, ರಜೆ, ಟಿಕೆಟ್

ಮೊದಲು ಪಂಚಾಂಗ ತೆಗೆದು ನರಕ ಚತುರ್ದಶಿ, ಅಮಾವಾಸ್ಯೆ, ಬಲಿಪಾಡ್ಯಮಿ ಯಾವ ವಾರ ಬರುತ್ತವೆ ನೋಡಿ. ಮೂರೂ ದಿನ ರಜೆ ಇರುತ್ತದೆ ಎಂದು ನಂಬಿ ಕೂರಬೇಡಿ. 2025ರಲ್ಲಿ ಚತುರ್ದಶಿ ಅಕ್ಟೋಬರ್ 20ರ ಸೋಮವಾರ, ಪಾಡ್ಯ 22ರ ಬುಧವಾರ ಬಂದಿತ್ತು. ನಡುವಿನ ಮಂಗಳವಾರ ಕೆಲಸದ ದಿನ. 2026ರಲ್ಲಿ ಚತುರ್ದಶಿ ನವೆಂಬರ್ 8ರ ಭಾನುವಾರ, ಪಾಡ್ಯ 10ರ ಮಂಗಳವಾರ. ಮತ್ತೆ ನಡುವೆ ಒಂದು ಸೋಮವಾರ ಉಳಿಯುತ್ತದೆ. ಆ ಒಂದು ದಿನದ ರಜೆಯನ್ನು ಎರಡು ತಿಂಗಳು ಮೊದಲೇ ಕೇಳಿ. ಹಬ್ಬದ ವಾರದಲ್ಲಿ ಕೇಳಿದರೆ ಎಲ್ಲರೂ ಕೇಳಿರುತ್ತಾರೆ.

ಆಸ್ಪತ್ರೆ, ಪೊಲೀಸ್, ಬಸ್ಸು ಅಂತ ಪಾಳಿ ಕೆಲಸ ಇರುವವರಿಗೆ ಮೂರು ದಿನ ಸಿಗುವುದು ಕಷ್ಟ. ಅವರು ಒಂದೇ ದಿನ ಕೇಳುವುದಾದರೆ ಪಾಡ್ಯ ಕೇಳಲಿ. ಗೋಪೂಜೆ ಇರುವುದು ಆ ದಿನವೇ. ನಮ್ಮ ನರ್ಸ್ ಗೆಳತಿ ಕ್ರಿಸ್‌ಮಸ್ ದಿನದ ಪಾಳಿಯನ್ನು ತಾನು ಮಾಡಿಕೊಟ್ಟು ಪಾಡ್ಯದ ರಜೆ ಪಡೆಯುತ್ತಾಳೆ. ಬದಲು ಮಾಡಿಕೊಳ್ಳುವವರು ಒಪ್ಪಿದ ಕೂಡಲೇ ಡ್ಯೂಟಿ ಚಾರ್ಟಿನಲ್ಲಿ ಬರೆಸಿಬಿಡಬೇಕು. ಬಾಯಿಮಾತು ಹಬ್ಬದ ಹೊತ್ತಿಗೆ ಮರೆತುಹೋಗುತ್ತದೆ.

ಶಿರಸಿಗೆ ರೈಲು ಇಲ್ಲ. ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಬಸ್ಸು ಒಂದು ದಾರಿ. ಕಾರವಾರಕ್ಕೆ ಹೋಗುವ ರಾತ್ರಿ ರೈಲು ಹತ್ತಿ ಕುಮಟಾದಲ್ಲಿ ಇಳಿದು, ದೇವಿಮನೆ ಘಟ್ಟ ಹತ್ತಿ ಬರುವುದು ಇನ್ನೊಂದು. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ರೈಲಿನ ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು, 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಆ 60ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಘಟ್ಟದ ರಸ್ತೆ ತೆರೆದಿದೆಯಾ ಎಂದು ಹೊರಡುವ ಹಿಂದಿನ ದಿನ ಊರಿನವರನ್ನು ಕೇಳಿಯೇ ಹೊರಡಿ.

ವಾರಕ್ಕೊಂದು ಬೆಳಗಿನ ಫೋನು

ವಾಟ್ಸಾಪ್ ಗುಂಪಿನಲ್ಲಿ “ಯಾರು ಎಂತ ತರ್ತೀರಿ?” ಎಂದು ಕೇಳಿದರೆ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಸುಮ್ನೆ ಆಗುತ್ತಾರೆ. ಕೆಲಸ ಆಗುವುದು ಮಾತಾಡಿದರೆ. ನಾವು ಭಾನುವಾರ ಬೆಳಿಗ್ಗೆ ಐದೂಮುಕ್ಕಾಲು ಇಟ್ಟುಕೊಂಡಿದ್ದೇವೆ. ಆ ಹೊತ್ತಿಗೆ ಹಾಲು ಕರೆಯುವವನು ಎದ್ದಿರುತ್ತಾನೆ, ನೈಟ್ ಡ್ಯೂಟಿಯವಳಿಗೆ ಟೀ ಕುಡಿಯುವಷ್ಟು ಬಿಡುವು ಇರುತ್ತದೆ, ಆಫೀಸಿನ ಫೋನು ಯಾರಿಗೂ ಬಂದಿರುವುದಿಲ್ಲ. ಇಪ್ಪತ್ತು ನಿಮಿಷ ಸಾಕು. ಮೊದಲ ಹತ್ತು ನಿಮಿಷ ಕಷ್ಟ ಸುಖ, ಆಮೇಲೆ ಹಬ್ಬದ ಕೆಲಸ. ಈ ಕ್ರಮ ತಿರುಗಿಸಬೇಡಿ. ಎತ್ತಿದ ಕೂಡಲೇ “ಕಡುಬಿಗೆ ಅಕ್ಕಿ ತರಿ ಮಾಡಿ ಆಯ್ತಾ?” ಎಂದು ಕೇಳಿದರೆ ಅದೂ ಇನ್ನೊಂದು ಆಫೀಸ್ ಮೀಟಿಂಗಿನ ಹಾಗೆ ಆಗುತ್ತದೆ.

ಕೆಲಸ ಹಂಚುವಾಗ ಕೈಗೆ ಸಿಗುವುದನ್ನು ನೋಡಿ ಹಂಚಿ. ಬೆಂಗಳೂರಿನವನು ಹಣತೆ, ಬತ್ತಿ, ಕರ್ಪೂರ, ಮಕ್ಕಳಿಗೆ ಬಟ್ಟೆ ತರುತ್ತಾನೆ. ಕಾರವಾರದವಳದ್ದು ಅವಲಕ್ಕಿ. ಕಾರವಾರ, ಅಂಕೋಲಾ ಕಡೆ ಚತುರ್ದಶಿ ಬೆಳಿಗ್ಗೆ ಮಿಂದು ಬಂದು ತುಳಸಿ ಮುಂದೆ ಕಾರೀಟ ಎನ್ನುವ ಕಹಿ ಕಾಯಿಯನ್ನು ಕಾಲಿನಲ್ಲಿ ಒಡೆದು, ಆಮೇಲೆ ಬಗೆಬಗೆಯ ಅವಲಕ್ಕಿ ತಿನ್ನುತ್ತಾರೆ. ಬೆಲ್ಲದ್ದು, ಮೊಸರಿನದ್ದು, ಹಾಲಿನದ್ದು, ಒಗ್ಗರಣೆಯದ್ದು. ನಮ್ಮ ಘಟ್ಟದ ಮೇಲಿನ ಮನೆಗೂ ಈಗ ಆ ಅವಲಕ್ಕಿ ಬಂದಿದೆ. ಬೆಳಗಿನ ತಿಂಡಿಗೆ ಒಲೆ ಹಚ್ಚುವ ಕೆಲಸ ಅದರಿಂದ ಅರ್ಧ ಕಡಿಮೆಯಾಯಿತು. ನನ್ನದು ಅಂಗಡಿ ಸಾಮಾನು ಮತ್ತು ಅಕ್ಕಿ ತರಿ. ತೋಟದವನದ್ದು ಬಾಳೆ ಎಲೆ, ಸಿಂಗಾರ (ಅಡಿಕೆ ಹೂವಿನ ಗೊನೆ), ಹಣ್ಣಡಿಕೆ, ಮೊಗೆಕಾಯಿ (ಮಂಗಳೂರು ಸೌತೆ), ಸೌದೆ.

ಹದಿನೈದು ದಿನದಿಂದ ಒಂದು ವಾರದೊಳಗೆ

ಕಡುಬಿನ ಅಕ್ಕಿ ತರಿಯನ್ನು ಹತ್ತು ದಿನ ಮೊದಲೇ ಮಾಡಿಡಬಹುದು. ಅಕ್ಕಿ ತೊಳೆದು, ಅರ್ಧ ಗಂಟೆ ನೆನೆಸಿ, ನೀರು ಬಸಿದು ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಪೂರ್ತಿ ಒಣಗಿದ ಮೇಲೆ ಮಿಕ್ಸಿಯಲ್ಲಿ ಸಣ್ಣ ರವೆಯ ಹದಕ್ಕೆ ಒಡೆಯಿರಿ. ಹಿಟ್ಟಾಗಬಾರದು. ಒಂದು ಚಿಟಿಕೆ ಬೆರಳ ನಡುವೆ ಉಜ್ಜಿದರೆ ಮರಳಿನ ಹಾಗೆ ತಾಗಬೇಕು. ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಆರಿಸಿ ಡಬ್ಬಕ್ಕೆ ತುಂಬಿ. ತೇವ ಉಳಿದರೆ ಮುಗ್ಗಲು ವಾಸನೆ ಬರುತ್ತದೆ, ಈ ಒಂದು ವಿಷಯದಲ್ಲಿ ಅವಸರ ಬೇಡ.

ಅಡಿಕೆ ಮಾಲೆಯೂ ಮೊದಲೇ ಆಗುವ ಕೆಲಸ. ಹಣ್ಣಡಿಕೆ ಹಸಿ ಇರುವಾಗಲೇ ದಬ್ಬಣದಲ್ಲಿ ತೂತು ಮಾಡಬೇಕು. ಒಣಗಿದರೆ ಕೈ ನೋಯುತ್ತದೆ, ದಬ್ಬಣ ಜಾರಿ ಬೆರಳಿಗೆ ಹೊಕ್ಕುತ್ತದೆ. ಬಾಳೆ ನಾರು ಅಥವಾ ಸೆಣಬಿನ ಹುರಿಯಲ್ಲೇ ಪೋಣಿಸಿ. ನೈಲಾನ್ ದಾರ, ಪ್ಲಾಸ್ಟಿಕ್ ಹೂವು, ಜರಿ ಯಾವುದೂ ಬೇಡವೇ ಬೇಡ. ದನಗಳು ಒಂದರ ಕೊರಳಿನ ಮಾಲೆಯನ್ನು ಇನ್ನೊಂದು ತಿನ್ನುತ್ತವೆ. ಆ ದಾರ ಹೊಟ್ಟೆಗೆ ಹೋದರೆ ಕರಗುವುದಿಲ್ಲ.

ಮನೆ ಗುಡಿಸಿ ಸಾರಿಸುವುದು, ಹಿತ್ತಾಳೆ ಪಾತ್ರೆ ತೊಳೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ತಾಮ್ರದ ಹಂಡೆಗೆ ಮಾತ್ರ ಒಂದು ಮಧ್ಯಾಹ್ನ ಪೂರ್ತಿ ಬಿಡಿ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು, ಮತ್ತೆ ಬಲವಾದ ಎರಡು ಕೈ. ಇದನ್ನು ನಮ್ಮಲ್ಲಿ ಈಗ ಗಂಡಸರೇ ಮಾಡುತ್ತಾರೆ.

ನಿದ್ದೆಯ ತಯಾರಿಯೂ ಇದೇ ವಾರ. ರಾತ್ರಿ ಹನ್ನೆರಡಕ್ಕೆ ಮಲಗಿ ರೂಢಿಯಾದವರು ಹಬ್ಬದ ದಿನ ನಾಲ್ಕಕ್ಕೆ ಏಳುತ್ತೇನೆ ಎಂದರೆ ಆಗುವುದಿಲ್ಲ. ಎದ್ದರೂ ಹತ್ತು ಗಂಟೆಗೆ ತಲೆ ನೋವು. ನಾಲ್ಕೈದು ದಿನ ಮೊದಲಿಂದ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿ, ಅರ್ಧ ಗಂಟೆ ಬೇಗ ಏಳಿ. ನೈಟ್ ಡ್ಯೂಟಿ ಮುಗಿಸಿ ಬರುವವರು ಸ್ಕೂಟರಿನಲ್ಲಿ, ಕಾರಿನಲ್ಲಿ ತಾವೇ ಓಡಿಸಿಕೊಂಡು ಘಟ್ಟ ಹತ್ತಬೇಡಿ. ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬನ್ನಿ. ಒಂದು ಹೊತ್ತಿನ ಪೂಜೆ ತಪ್ಪಿದರೂ ಚಿಂತೆ ಇಲ್ಲ.

ನೀರು ತುಂಬುವ ಸಂಜೆ

ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಮನೆಯದ್ದೇ ಹಬ್ಬ. ಬಚ್ಚಲು ಒಲೆಗೆ, ಹಂಡೆಗೆ ಶೇಡಿ (ಬಿಳಿ ಮಣ್ಣು), ಕೆಮ್ಮಣ್ಣಿನ ಗೆರೆ ಎಳೆಯಿರಿ. ಹಂಡೆಯ ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಬೇಕು. ಬೇಲಿಯ ಮೇಲೆ ಹಬ್ಬಿರುತ್ತದೆ, ಸಣ್ಣ ಗೋಲಿಯಂಥ ಹಸಿರು ಕಾಯಿ, ಅದರ ಮೇಲೆ ಬಿಳಿ ಪಟ್ಟೆ. ಹಣ್ಣಾದರೆ ಕೆಂಪಾಗುತ್ತದೆ. ಕಾಯಿ, ಹಣ್ಣು ಎರಡೂ ಇರುವ ಬಳ್ಳಿ ಸಿಕ್ಕಿದರೆ ತಾಮ್ರದ ಬಣ್ಣದ ಮೇಲೆ ನೋಡಬೇಕು ಅದರ ಚಂದ! ಮಕ್ಕಳನ್ನು ಕಳಿಸಿ ತರಿಸಿ, ಆದರೆ ಬಾಯಿಗೆ ಹಾಕಬೇಡಿ ಎಂದು ಹೇಳಿ ಕಳಿಸಿ.

ಬಾವಿ ನೀರು ಸೇದಿ ಹಂಡೆ ತುಂಬಿ. ಒಲೆಯೊಳಗೆ ಒಣ ಸೌದೆ ಜೋಡಿಸಿಟ್ಟು, ಮೇಲೆ ಒಂದು ಹಿಡಿ ಒಣ ಅಡಿಕೆ ಸೋಗೆ ಇಡಿ. ಬೆಳಿಗ್ಗೆ ಒಂದು ಕಡ್ಡಿ ಗೀರಿದರೆ ಸಾಕು. ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು, ಒಣ ಟವೆಲು ಎಲ್ಲ ಒಂದೇ ಬುಟ್ಟಿಯಲ್ಲಿ ಇರಲಿ. ಕತ್ತಲಲ್ಲಿ ಹುಡುಕುವ ಕೆಲಸ ಒಂದೂ ಉಳಿಯಬಾರದು.

ಶಹರದ ಬಾಡಿಗೆ ಮನೆಯಲ್ಲಿ ಹಂಡೆ ಎಲ್ಲಿಂದ ತರುವುದು ಎನ್ನುತ್ತೀರಾ? ಒಂದು ಸ್ಟೀಲ್ ಕೊಡ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವು ಸುತ್ತಿ ನೀರು ತುಂಬಿಡಿ. ಬೆಳಿಗ್ಗೆ ಗೀಸರ್ ನೀರಿಗೆ ಆ ನೀರನ್ನು ಬೆರೆಸಿ ಮಿಂದರಾಯಿತು.

ಚತುರ್ದಶಿ ಬೆಳಗು: ಲೆಕ್ಕ ಹಾಕಿ ಏಳಿ

ಎಣ್ಣೆ ಸ್ನಾನ ಸೂರ್ಯ ಹುಟ್ಟುವ ಮೊದಲು ಆಗಬೇಕು. ನಮ್ಮ ಕಡೆ ಅಕ್ಟೋಬರ್ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ. ಮನೆಯಲ್ಲಿ ಹತ್ತು ಜನ, ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂದರೆ ನೂರು ನಿಮಿಷ. ಅಂದರೆ ಮೊದಲನೆಯವರು ನಾಲ್ಕೂಮುಕ್ಕಾಲಿಗಾದರೂ ಬಚ್ಚಲಿಗೆ ಹೋಗಬೇಕು. ಒಲೆ ಹಚ್ಚುವವರು ನಾಲ್ಕಕ್ಕೆ ಏಳಬೇಕು. ಒಲೆ ಹಚ್ಚುವ ಸರದಿ ವರ್ಷಕ್ಕೊಬ್ಬರದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇವೆ. ಆಯಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಕಳೆದ ಸಲ ನನ್ನ ಸರದಿ ಇತ್ತು. ಹೊರಗೆ ಬಂದರೆ ಅಂಗಳದಲ್ಲಿ ಇಬ್ಬನಿ. ಒಲೆಗೆ ಬೆಂಕಿ ಕೊಟ್ಟು, ಕಾದು ಕೂತೆ. ಸ್ವಲ್ಪ ಹೊತ್ತಿಗೆ ತೋಟದ ಆಚೆ, ಅಡಿಕೆ ಮರಗಳ ತುದಿಯ ನಡುವೆ, ಉಗುರಿನಷ್ಟು ತೆಳ್ಳಗಿನ ಚಂದ್ರ ಎದ್ದ. ಕೊಟ್ಟಿಗೆಯಲ್ಲಿ ದನ ಒಂದು ಸಲ ಕಿವಿ ಬಡಿದ ಸದ್ದು. ಮತ್ತೆ ಎಲ್ಲ ಸುಮ್ನೆ. ಆ ಅರ್ಧ ಗಂಟೆಗಾಗಿಯೇ ಒಲೆಯ ಸರದಿಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮೊದಲು ಹಿರಿಯರು ಎಲ್ಲರ ನೆತ್ತಿಗೆ ಗರಿಕೆಯಿಂದ ಎಣ್ಣೆ ಮುಟ್ಟಿಸುತ್ತಾರೆ. ಆಮೇಲೆ ಮೈಗೆ ತಿಕ್ಕಿಕೊಳ್ಳುವುದು. ಎಣ್ಣೆ ಹಚ್ಚಿಕೊಂಡವರು ಬಚ್ಚಲ ಕಲ್ಲಿನ ಮೇಲೆ ಜಾರುತ್ತಾರೆ, ವಯಸ್ಸಾದವರಿಗೆ ಒಂದು ಮಣೆ ಹಾಕಿ ಕೂರಿಸಿ. ತಲೆಗೆ ದಾಸವಾಳ ಸೊಪ್ಪಿನ ಲೋಳೆ ಸಿಕ್ಕಿದರೆ ಸೀಗೆಪುಡಿಗಿಂತ ಹಿತ.

ಮಿಂದ ಮೇಲೆ ಬಲೀಂದ್ರನನ್ನು ಕೂರಿಸುವುದು. ಅಕ್ಕಿಯ ಮೇಲೆ ಕಲಶ, ಅದರ ಮೇಲೆ ತೆಂಗಿನಕಾಯಿ, ಸಿಂಗಾರ, ಹಿಂಡ್ಲೆಕಾಯಿ, ಚೆಂಡು ಹೂವು. ಮನೆಮನೆಗೆ ಕ್ರಮ ಬೇರೆ ಇರುತ್ತದೆ, ಆ ಮನೆಯ ಹಿರಿಯರು ಹೇಳಿದ ಹಾಗೆ ಮಾಡಿ. ಪಾಡ್ಯದ ತನಕ ಅವನಿಗೆ ದೀಪ ಆರಬಾರದು. ಎಣ್ಣೆ ನೋಡಿಕೊಳ್ಳುವ ಕೆಲಸವನ್ನು ಒಬ್ಬ ಹುಡುಗನಿಗೋ ಹುಡುಗಿಗೋ ವಹಿಸಿ.

ಅಮಾವಾಸ್ಯೆಯ ದಿನ ಅಂಗಡಿ ಇರುವವರಿಗೆ ಲಕ್ಷ್ಮೀಪೂಜೆ. ರಜೆ ಸಿಗದವರು ಆ ದಿನ ಕೆಲಸಕ್ಕೆ ಹೋಗಿ ಬರಲಿ. ನಾನೂ ಹೋಗುತ್ತೇನೆ. ಸಂಜೆ ಬೇಗ ಬಂದು ಕಡುಬಿಗೆ ಕೂತರೆ ಆಯಿತು.

ಮೊಗೆಕಾಯಿ ಕಡುಬು, ಹತ್ತು ಹನ್ನೆರಡು ಜನಕ್ಕೆ

ಅಕ್ಕಿ ತರಿ 4 ಲೋಟ, ರಸದ ಸಮೇತ ಮೊಗೆಕಾಯಿ ತುರಿ 6 ಲೋಟ, ಪುಡಿ ಬೆಲ್ಲ ಎರಡೂವರೆ ಲೋಟ, ಕಾಯಿತುರಿ 2 ಲೋಟ, ಏಲಕ್ಕಿ ಎಂಟು, ಉಪ್ಪು ಒಂದು ಚಮಚ. ಮೊಗೆಕಾಯಿ ಚೆನ್ನಾಗಿ ಬಲಿತದ್ದಾಗಿರಲಿ. ಹೆಚ್ಚುವ ಮೊದಲು ಎರಡೂ ತುದಿ ಕೊಯ್ದು ರುಚಿ ನೋಡಿ. ಕಹಿ ಕಾಯಿ ಒಂದು ಸೇರಿದರೆ ಇಡೀ ಪಾತ್ರೆ ಹಾಳು. ತಿರುಳು, ಬೀಜ ತೆಗೆದು ತುರಿಯಿರಿ.

ದಪ್ಪ ತಳದ ಪಾತ್ರೆಯಲ್ಲಿ ತುರಿ, ಬೆಲ್ಲ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಇಡಿ. ನೀರು ಹಾಕಬೇಡಿ, ಮೊಗೆಕಾಯಿಯೇ ಬೇಕಾದಷ್ಟು ಬಿಡುತ್ತದೆ. ಬೆಲ್ಲ ಕರಗಿ ಕುದಿ ಬಂದ ಮೇಲೆ ತರಿಯನ್ನು ಉದುರಿಸುತ್ತ, ಕೈ ಬಿಡದೆ ಮಗುಚಿ. ಗಂಟಾಗದ ಹಾಗೆ ನೋಡಿಕೊಳ್ಳಿ. ಕಾಯಿತುರಿ, ಏಲಕ್ಕಿ ಸೇರಿಸಿ. ಸವುಟು ನಿಲ್ಲಿಸಿದರೆ ನಿಧಾನಕ್ಕೆ ಬೀಳಬೇಕು, ಅದು ಹದ. ಗಟ್ಟಿ ಅನಿಸಿದರೆ ಮಾತ್ರ ಸ್ವಲ್ಪ ತೆಂಗಿನ ಹಾಲು.

ಬಾಳೆ ಎಲೆಯನ್ನು ಬೆಂಕಿಯ ಮೇಲೆ ಒಮ್ಮೆ ಹಾಯಿಸಿ ಬಾಡಿಸಿ, ಆಗ ಮಡಿಸುವಾಗ ಸೀಳುವುದಿಲ್ಲ. ಎರಡು ಸವುಟು ಹಾಕಿ, ನಾಲ್ಕೂ ಕಡೆ ಮಡಿಸಿ, ಮಡಿಕೆ ಕೆಳಗೆ ಬರುವಂತೆ ಜೋಡಿಸಿ. ನೀರು ಕುದಿಯಲು ಶುರುವಾದ ಮೇಲೆ ಪಾತ್ರೆ ಇಟ್ಟು 40ರಿಂದ 45 ನಿಮಿಷ ಬೇಯಿಸಿ. ಮಡಿಸುವ ಕೆಲಸಕ್ಕೆ ನಾಲ್ವರೂ ಕೂರಬೇಕು. ಆಗ ಬರುವ ಮಾತುಗಳು ಫೋನಿನಲ್ಲಿ ಬರುವುದಿಲ್ಲ. ಬೆಂಗಳೂರಿನ ಗೆಳೆಯ ಊರಿಗೆ ವಾಪಸ್ ಬರುವ ಆಲೋಚನೆ ಮೊದಲು ಹೇಳಿದ್ದು ಹೀಗೆ ಎಲೆ ಮಡಿಸುತ್ತ ಕೂತಾಗ. ಅವನು ಹೇಳುವಾಗ ತಲೆ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ರಾತ್ರಿ ಬೇಯಿಸಿಟ್ಟ ಕಡುಬು ಬೆಳಿಗ್ಗೆ ತುಪ್ಪದ ಜೊತೆ ಇನ್ನೂ ರುಚಿ. ಪಾಡ್ಯದ ಬೆಳಿಗ್ಗೆ ಅಡುಗೆ ಮನೆ ಖಾಲಿ ಇರುವುದು ಇದರಿಂದಲೇ. ಪೂಜೆಗೆ ಅಂದಿನದ್ದೇ ಆಗಬೇಕು ಎನ್ನುವ ಮನೆಯಲ್ಲಿ ಬೇರೆ ಎತ್ತಿಟ್ಟ ಹಿಟ್ಟಿನಿಂದ ಐದಾರು ಮಾತ್ರ ಬೆಳಿಗ್ಗೆ ಬೇಯಿಸಿ.

ಪಾಡ್ಯದ ಬೆಳಗು: ಕೊಟ್ಟಿಗೆ

ಹಾಲು ಕರೆದಾದ ಮೇಲೆ ದನಗಳ ಮೈ ತೊಳೆಯಿರಿ. ಉಗುರು ಬೆಚ್ಚಗಿನ ನೀರಾದರೆ ಒಳ್ಳೆಯದು. ಶೇಡಿ, ಕೆಮ್ಮಣ್ಣು ಬೇರೆ ಬೇರೆ ಕದಡಿ, ಲೋಟದ ಬಾಯಿ ಅದ್ದಿ ಮೈಮೇಲೆ ಒತ್ತಿ. ಬಿಳಿ ದನಕ್ಕೆ ಕೆಂಪು ಉಂಗುರ, ಕಪ್ಪು ದನಕ್ಕೆ ಬಿಳಿ ಉಂಗುರ. ಮಕ್ಕಳಿಗೆ ಇದಕ್ಕಿಂತ ಖುಷಿಯ ಕೆಲಸ ಇಲ್ಲ. ಅಂಗಡಿಯ ಎಣ್ಣೆ ಬಣ್ಣ ಮಾತ್ರ ಹಚ್ಚಬೇಡಿ, ದನ ನೆಕ್ಕುತ್ತದೆ. ಹೊಸಬರು ಹಿಂದಿನಿಂದ ಹೋಗಬಾರದು, ಮುಂದಿನಿಂದ ಹೋಗಿ ಕೊರಳ ಕೆಳಗಿನ ಗಂಗೆದೊಗಲು ತುರಿಸಿ, ಆಮೇಲೆ ಮಾಲೆ ಹಾಕಿ.

ಗೋಗ್ರಾಸಕ್ಕೆ ದನಕ್ಕೊಂದು ಕಡುಬು ಸಾಕು. ಬಂದವರೆಲ್ಲ ಪ್ರೀತಿಯಿಂದ ಅನ್ನ, ಬೆಲ್ಲ, ಕಡುಬು ತಿನ್ನಿಸುತ್ತ ಹೋದರೆ ಹೊಟ್ಟೆಯಲ್ಲಿ ಹುಳಿಯಾಗಿ ಉಬ್ಬರಿಸುತ್ತದೆ. ನೆಂಟರ ಕೈಗೆ ಹಸಿರು ಹುಲ್ಲು ಕೊಡಿ. ಪಟಾಕಿ ಕೊಟ್ಟಿಗೆಯ ಹತ್ತಿರ, ಹುಲ್ಲುಗೊಣಬೆಯ ಹತ್ತಿರ ಬೇಡ. ದನ ಬಿಡುವ ಹೊತ್ತಿಗಂತೂ ಎಲ್ಲೂ ಬೇಡ.

ಪೂಜೆ ಮುಗಿದು ದನಗಳು ಬೇಣಕ್ಕೆ (ಹುಲ್ಲುಗಾವಲಿಗೆ) ಹೋದ ಮೇಲೆ ಎಂಟು ಗಂಟೆ. ಈಗ ಜಗಲಿ. ಕಂಬಳಿ ಹಾಸಿ, ಕವಳದ ಬಟ್ಟಲು ಇಟ್ಟು, “ಆಸರಿಗೆ (ಕುಡಿಯಲು) ಎಂತ ಬೇಕು?” ಎಂದು ಆಯಿಯನ್ನು ನಾವು ಕೇಳುತ್ತೇವೆ. ಕಾರವಾರದವಳು ಟೀ ಮಾಡುತ್ತಾಳೆ. ಫೋನುಗಳನ್ನು ಒಳಗಿನ ಗೂಡಿನಲ್ಲಿ ಇಟ್ಟಿರುತ್ತೇವೆ, ಆಸ್ಪತ್ರೆಯಿಂದ ಕರೆ ಬರಬಹುದಾದ ಒಂದನ್ನು ಬಿಟ್ಟು. ಎರಡು ಗಂಟೆ ಯಾರಿಗೂ ಕೆಲಸ ಇಲ್ಲ. ಈ ಎರಡು ಗಂಟೆ ಉಳಿಸುವುದಕ್ಕೇ ಎರಡು ತಿಂಗಳ ತಯಾರಿ.

ಸಂಜೆ ಬಲೀಂದ್ರನನ್ನು ಕಳಿಸಿದ ಮೇಲೆ, ಹೊರಡುವ ಮೊದಲು, ಮೂರು ಕೆಲಸ ಮುಗಿಸಿ. ಹಂಡೆಯ ಬಳ್ಳಿ ಬಿಚ್ಚಿ ಒಣಗಿಸಿ ಇಡಿ. ಉಳಿದ ತರಿಯ ಡಬ್ಬಕ್ಕೆ ತಾರೀಖು ಬರೆದು ಅಂಟಿಸಿ. ನೋಟ್‌ಬುಕ್ಕಿನಲ್ಲಿ ಈ ಸಲ ಏನು ಕಡಿಮೆ ಬಿತ್ತು, ಏನು ಜಾಸ್ತಿ ಆಯಿತು ಎಂದು ಅಲ್ಲೇ ಕೂತು ಬರೆಯಿರಿ. ನಮ್ಮದರಲ್ಲಿ ಕಳೆದ ಸಲದ ಕೊನೆಯ ಸಾಲು ಆಯಿಯೇ ಹೇಳಿ ಬರೆಸಿದ್ದು: ಬಾಳೆ ಎಲೆ ಹತ್ತು ಜಾಸ್ತಿ ಇರಲಿ, ತುಳಸಿ ಮದುವೆಗೂ ಬನ್ನಿ.